ಬೆಥೆಲ್ ಮನೆ (ಉರಕಾವಾ, ಜಪಾನ್)

ಬೆಥೆಲ್ ಮನೆ ಜಪಾನಿನ ಹೊಕ್ಕೈಡೊ ದ್ವೀಪದ ದಕ್ಷಿಣ ಕರಾವಳಿಯಲ್ಲಿರುವ ಉರಕಾವಾ ಪಟ್ಟಣದ ಒಂದು ಸಮುದಾಯ. ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಇಲ್ಲಿ ಒಟ್ಟಾಗಿ ಬದುಕುತ್ತಾರೆ, ದುಡಿಯುತ್ತಾರೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಜಪಾನಿ ಭಾಷೆಯಲ್ಲಿ ಇದರ ಹೆಸರು 'ಬೆತೆರು ನೋ ಇಎ'. 1984ರಲ್ಲಿ ಈ ಹೆಸರು ಪಡೆದ ಗುಂಪು ಇಂದು ನೋಂದಾಯಿತ ಸಮಾಜ ಕಲ್ಯಾಣ ಸಂಸ್ಥೆಯಾಗಿದ್ದು, ನೂರಕ್ಕೂ ಹೆಚ್ಚು ಮಂದಿಗೆ ವಸತಿ, ಕೆಲಸ ಮತ್ತು ಸಭೆಗಳ ಜಾಲವನ್ನು ಒದಗಿಸುತ್ತದೆ. ಸದಸ್ಯರಲ್ಲಿ ಹೆಚ್ಚಿನವರು ಸ್ಕಿಜೋಫ್ರೀನಿಯಾ (ಛಿದ್ರಮನಸ್ಕತೆ) ಇರುವವರು. ಮದ್ಯವ್ಯಸನ, ಖಿನ್ನತೆ ಮೊದಲಾದ ತೊಂದರೆಗಳಿರುವವರೂ ಇದ್ದಾರೆ. ಕಾಯಿಲೆಯನ್ನು ಅದನ್ನು ಹೊತ್ತವರೇ ಅಧ್ಯಯನ ಮಾಡುವ 'ತೋಜಿಷಾ ಕೆನ್ಕ್ಯೂ' ಎಂಬ ವಿಧಾನ ಹುಟ್ಟಿದ್ದು ಇಲ್ಲೇ.

ಈ ಲೇಖನದಲ್ಲಿ 'ಸ್ವಾನುಭವಿ' ಎಂದರೆ ತೊಂದರೆಯನ್ನು ಸ್ವತಃ ಅನುಭವಿಸುತ್ತಿರುವ ವ್ಯಕ್ತಿ (ಜಪಾನಿಯಲ್ಲಿ ತೋಜಿಷಾ). 'ಸದಸ್ಯ' ಎಂದರೆ ಬೆಥೆಲ್ ಮನೆಗೆ ಸೇರಿದ ಸ್ವಾನುಭವಿ. 'ಸ್ವಾನುಭವಿ ಸಂಶೋಧನೆ' ಎಂಬುದನ್ನು ತೋಜಿಷಾ ಕೆನ್ಕ್ಯೂ ಎಂಬುದಕ್ಕೆ ಪರ್ಯಾಯವಾಗಿ ಬಳಸಿದೆ.

ಸ್ಥಳ

ಉರಕಾವಾ ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿರುವ ಹಿದಾಕಾ ಪ್ರದೇಶದ ಪಟ್ಟಣ. 2020ರಲ್ಲಿ ಜನಸಂಖ್ಯೆ ಸುಮಾರು 12 ಸಾವಿರ ಇತ್ತು. ಮೀನುಗಾರಿಕೆ, 'ಕೊನ್ಬು' ಎಂಬ ಕಡಲಪಾಚಿಯ ಸಂಗ್ರಹ ಮತ್ತು ಪಂದ್ಯದ ಕುದುರೆಗಳ ಸಾಕಣೆ ಇಲ್ಲಿನ ಮುಖ್ಯ ಕಸುಬುಗಳು. ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರು ಗಣನೀಯ ಸಂಖ್ಯೆಯಲ್ಲಿರುವ ಪ್ರದೇಶಗಳಲ್ಲಿ ಹಿದಾಕಾ ಒಂದು. ದ್ವೀಪದ ರಾಜಧಾನಿ ಸಪ್ಪೊರೊದಿಂದ ರಸ್ತೆಯಲ್ಲಿ ಸುಮಾರು 3 ಗಂಟೆಯ ಹಾದಿ. ಪಟ್ಟಣವನ್ನು ಮುಟ್ಟುತ್ತಿದ್ದ ಹಿದಾಕಾ ರೈಲು ಮಾರ್ಗ 2015ರ ಜನವರಿಯಲ್ಲಿ ಬಿರುಗಾಳಿಯ ಅಲೆಗಳಿಗೆ ಸಿಕ್ಕು ಹಾಳಾಯಿತು. 2021ರ ಏಪ್ರಿಲ್ 1ರಂದು ಆ ಭಾಗವನ್ನು ಅಧಿಕೃತವಾಗಿ ಮುಚ್ಚಲಾಯಿತು. ಯುವಜನರ ವಲಸೆಯಿಂದ ಊರಿನ ಜನಸಂಖ್ಯೆ ದಶಕಗಳಿಂದ ಇಳಿಯುತ್ತಲೇ ಬಂದಿದೆ. ಆರೋಗ್ಯವಂತರಿಗೇ ಕೆಲಸ ಸಿಗದ ಊರಿನಲ್ಲಿ ಆಸ್ಪತ್ರೆಯಿಂದ ಹೊರಬಂದವರಿಗೆ ಉದ್ಯೋಗದ ದಾರಿಯೇ ಇರಲಿಲ್ಲ. ಬೆಥೆಲ್ ಮನೆ ತನ್ನದೇ ಉದ್ದಿಮೆ ಕಟ್ಟಲು ಈ ಪರಿಸ್ಥಿತಿ ಒಂದು ಮುಖ್ಯ ಕಾರಣ.

ಐತಿಹಾಸಿಕ ಹಿನ್ನೆಲೆ

ಜಪಾನಿನಲ್ಲಿ 1900ರ ಕಾಯಿದೆಯೊಂದು ಮಾನಸಿಕ ರೋಗಿಗಳನ್ನು ಮನೆಯಲ್ಲೇ ಕೂಡಿಹಾಕಲು ಕುಟುಂಬಗಳಿಗೆ ಅವಕಾಶ ಕೊಟ್ಟಿತ್ತು. ಮನೋವೈದ್ಯ ಕುರೆ ಶುಜೊ 1918ರಲ್ಲಿ ಪ್ರಕಟಿಸಿದ ವರದಿ ಇಂಥ ಖಾಸಗಿ ಕೋಣೆಗಳ ದುಸ್ಥಿತಿಯನ್ನು ದಾಖಲಿಸಿತು. ಆದರೂ ಈ ಪದ್ಧತಿ ಕಾನೂನಿನಿಂದ ಮರೆಯಾದದ್ದು 1950ರ ಮಾನಸಿಕ ನೈರ್ಮಲ್ಯ ಕಾಯಿದೆಯೊಂದಿಗೆ. ಆ ಮೇಲೆ ರೋಗಿಗಳ ನೆಲೆ ಮನೆಯಿಂದ ಆಸ್ಪತ್ರೆಗೆ ಬದಲಾಯಿತು. ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಉತ್ತೇಜನ ನೀಡಿತು. 1964ರಲ್ಲಿ ಮಾನಸಿಕ ಕಾಯಿಲೆಯಿದ್ದ ಯುವಕನೊಬ್ಬ ಅಮೆರಿಕದ ರಾಯಭಾರಿ ಎಡ್ವಿನ್ ರೈಶಾವರ್ ಅವರನ್ನು ಇರಿದ ಪ್ರಕರಣದ ನಂತರ ರೋಗಿಗಳ ಮೇಲಿನ ನಿಗಾ ಇನ್ನಷ್ಟು ಬಿಗಿಯಾಯಿತು.

ಪಾಶ್ಚಾತ್ಯ ದೇಶಗಳು ಮಾನಸಿಕ ಆಸ್ಪತ್ರೆಗಳ ಹಾಸಿಗೆಗಳನ್ನು ಕಡಿಮೆ ಮಾಡುತ್ತಿದ್ದ ಕಾಲದಲ್ಲಿ ಜಪಾನಿನಲ್ಲಿ ಅವು ಏರುತ್ತಲೇ ಹೋದವು. ಇಂದಿಗೂ ಅಲ್ಲಿ ಇಂಥ ಹಾಸಿಗೆಗಳು 3 ಲಕ್ಷಕ್ಕೂ ಹೆಚ್ಚಿವೆ. ಜನಸಂಖ್ಯೆಗೆ ಹೋಲಿಸಿದರೆ ಇದು ಅಭಿವೃದ್ಧಿ ಹೊಂದಿದ ದೇಶಗಳಲ್ಲೇ ಅತಿ ಹೆಚ್ಚು. ರೋಗಿಯೊಬ್ಬರು ಆಸ್ಪತ್ರೆಯಲ್ಲಿ ಇರುವ ಸರಾಸರಿ ಅವಧಿ 200 ದಿನಗಳನ್ನೂ ಮೀರುತ್ತದೆ. 1984ರಲ್ಲಿ ಉತ್ಸುನೋಮಿಯಾ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಹಲ್ಲೆಯಿಂದ ರೋಗಿಗಳು ಸತ್ತ ಸಂಗತಿ ಬಯಲಾಗಿ ದೇಶವಿದೇಶಗಳಲ್ಲಿ ಖಂಡನೆಗೆ ಗುರಿಯಾಯಿತು. ಅದರ ಫಲವಾಗಿ 1987ರಲ್ಲಿ ಕಾನೂನನ್ನು ತಿದ್ದಿ ರೋಗಿಗಳ ಹಕ್ಕುಗಳಿಗೆ ಜಾಗ ಕೊಡಲಾಯಿತು. ಬೆಥೆಲ್ ಮನೆಗೆ ಹೆಸರಿಟ್ಟದ್ದೂ ಅದೇ 1984ರಲ್ಲಿ.

ಹುಟ್ಟು

ಉರಕಾವಾ ರೆಡ್‌ಕ್ರಾಸ್ ಆಸ್ಪತ್ರೆಯ ಮನೋರೋಗ ವಿಭಾಗ ಸುತ್ತಲಿನ ಇಡೀ ಕರಾವಳಿಯ ರೋಗಿಗಳನ್ನು ನೋಡಿಕೊಳ್ಳುತ್ತಿತ್ತು. 1978ರಲ್ಲಿ ಮುಕಾಯಾಚಿ ಇಕುಯೋಶಿ ಸಮಾಜ ಕಾರ್ಯಕರ್ತರಾಗಿ ಅಲ್ಲಿಗೆ ಬಂದರು. ಅದೇ ಹೊತ್ತಿಗೆ, ಬಿಡುಗಡೆಯಾಗಿ ಊರಿನಲ್ಲಿ ಉಳಿದಿದ್ದ ಕೆಲವರು 'ದೊಂಗುರಿ ನೋ ಕಾಯ್' (ಓಕ್ ಬೀಜದ ಸಂಘ) ಎಂಬ ಸಣ್ಣ ಕೂಟವನ್ನು ಕಟ್ಟಿಕೊಂಡರು. ಸಭೆ ಸೇರುತ್ತಿದ್ದುದು ಊರಿನ ಪ್ರಾಟೆಸ್ಟಂಟ್ ಚರ್ಚಿನಲ್ಲಿ. ಚರ್ಚಿನ ಹಳೆಯ ಕಟ್ಟಡವೇ ಕೆಲವರಿಗೆ ವಾಸದ ಮನೆಯಾಯಿತು. ಮುಕಾಯಾಚಿಯವರೂ ಕೆಲಕಾಲ ಅವರೊಂದಿಗೆ ಅಲ್ಲೇ ಇದ್ದರು.

1983ರಲ್ಲಿ ಈ ಗುಂಪು ಕೊನ್ಬು ಪಾಚಿಯನ್ನು ಪೊಟ್ಟಣ ಕಟ್ಟುವ ಕೂಲಿ ಕೆಲಸವನ್ನು ಹಿಡಿಯಿತು. ಮರುವರ್ಷ ಪಾದ್ರಿ ಮಿಯಾಜಿಮಾ ತೋಶಿಮಿತ್ಸು ಆ ಕಟ್ಟಡಕ್ಕೆ ಬೆಥೆಲ್ ಎಂದು ಹೆಸರಿಟ್ಟರು. ಜರ್ಮನಿಯ ಬಿಲೆಫೆಲ್ಡ್ ನಗರದಲ್ಲಿ ಮೂರ್ಛೆರೋಗಿಗಳಿಗಾಗಿ 1867ರಲ್ಲಿ ಸ್ಥಾಪನೆಯಾದ ಬೆಥೆಲ್ ಸಂಸ್ಥೆ ಈ ಹೆಸರಿಗೆ ಮೂಲ. ಹೀಬ್ರೂ ಭಾಷೆಯಲ್ಲಿ ಬೆಥೆಲ್ ಎಂದರೆ ದೇವರ ಮನೆ. ಹೆಸರಿಗೂ ಕಟ್ಟಡಕ್ಕೂ ಕ್ರೈಸ್ತ ಮೂಲವಿದ್ದರೂ ಸದಸ್ಯತ್ವಕ್ಕೆ ಧರ್ಮದ ಷರತ್ತಿಲ್ಲ.

ಬೆಳವಣಿಗೆ

ಕೆಲವು ವರ್ಷಗಳಲ್ಲಿ ಕೂಲಿ ಗುತ್ತಿಗೆ ಕೈತಪ್ಪಿತು. 1988ರಲ್ಲಿ ಸದಸ್ಯರು ಮಧ್ಯವರ್ತಿಗಳನ್ನು ಬಿಟ್ಟು ಹಿದಾಕಾ ಕೊನ್ಬುವನ್ನು ತಾವೇ ಕೊಂಡು, ಕತ್ತರಿಸಿ, ದೇಶದ ಎಲ್ಲೆಡೆಯ ಗ್ರಾಹಕರಿಗೆ ನೇರವಾಗಿ ಮಾರಲು ಶುರು ಮಾಡಿದರು. 1993ರಲ್ಲಿ ಒಂದು ಸೀಮಿತ ಕಂಪನಿಯನ್ನು ಸ್ಥಾಪಿಸಿದರು. ಇದು ಅಂಗವಿಕಲರಿಗೆ ಬೇಕಾಗುವ ಸಾಮಗ್ರಿಗಳ ಮಾರಾಟ, ಸ್ವಚ್ಛತೆ ಮೊದಲಾದ ಕೆಲಸಗಳನ್ನು ಊರಿನಲ್ಲಿ ಕೈಗೊಂಡಿತು. 2002ರಲ್ಲಿ 'ಉರಕಾವಾ ಬೆಥೆಲ್ ಮನೆ' ಸಮಾಜ ಕಲ್ಯಾಣ ಸಂಸ್ಥೆಯಾಗಿ ಮಾನ್ಯತೆ ಪಡೆಯಿತು. 2006ರಲ್ಲಿ ಜಾರಿಗೆ ಬಂದ ಅಂಗವಿಕಲರ ಸ್ವಾವಲಂಬನೆ ಬೆಂಬಲ ಕಾಯಿದೆಯ ನಂತರ ಇಲ್ಲಿನ ವಸತಿಗಳೂ ಕೆಲಸದ ಸ್ಥಳಗಳೂ ಸರ್ಕಾರಿ ಅನುದಾನದ ಚೌಕಟ್ಟಿಗೆ ಒಳಪಟ್ಟವು.

ರಚನೆ

ಬೆಥೆಲ್ ಮನೆಯನ್ನು ಒಂದು ಕಟ್ಟಡವೆನ್ನುವುದಕ್ಕಿಂತ ಊರಿನಲ್ಲಿ ಹರಡಿಕೊಂಡ ಮನೆ, ಅಂಗಡಿ, ಕಾರ್ಯಾಗಾರಗಳ ಜಾಲವೆನ್ನುವುದು ಸರಿ. ಅದರ ಅಂಗಗಳು ಮುಖ್ಯವಾಗಿ ಮೂರು.

ವಸತಿ: ಸದಸ್ಯರು ಸಾಮೂಹಿಕ ಮನೆಗಳಲ್ಲಿ ಅಥವಾ ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಅಡುಗೆ, ಸ್ವಚ್ಛತೆ, ನೆರೆಯವರೊಂದಿಗಿನ ತಕರಾರು ಇಂಥವನ್ನು ಆಯಾ ಮನೆಯ ಸಭೆಯಲ್ಲೇ ಬಗೆಹರಿಸಿಕೊಳ್ಳುತ್ತಾರೆ.

ದುಡಿಮೆ: ಕೊನ್ಬು ಸಂಸ್ಕರಣೆ, ಪುಸ್ತಕ ಮತ್ತು ವಿಡಿಯೊ ಮಾರಾಟ, ಕೆಫೆ, ಸಂದರ್ಶಕರ ವ್ಯವಸ್ಥೆ ಇವು ಕೆಲಸದ ಘಟಕಗಳು.

ಬೆಂಬಲ: ಸಭೆಗಳು, ಆಸ್ಪತ್ರೆ ಅಥವಾ ಚಿಕಿತ್ಸಾಲಯದೊಂದಿಗಿನ ಸಂಪರ್ಕ, ಬಿಕ್ಕಟ್ಟಿನಲ್ಲಿ ಸಹ ಸದಸ್ಯರ ನೆರವು ಇವು ಈ ಅಂಗಕ್ಕೆ ಸೇರುತ್ತವೆ.

ಸಂಸ್ಥೆಯಲ್ಲಿ ಸಮಾಜ ಕಾರ್ಯಕರ್ತರೂ ದಾದಿಯರೂ ವೇತನ ಪಡೆಯುವ ಸಿಬ್ಬಂದಿಯಾಗಿದ್ದಾರೆ. ಸ್ವಾನುಭವಿಗಳೂ ಸಿಬ್ಬಂದಿಯಾಗಿ ದುಡಿಯುತ್ತಾರೆ. ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನವನ್ನು ಸ್ವಾನುಭವಿ ಸದಸ್ಯರು ವಹಿಸಿಕೊಂಡದ್ದುಂಟು. ಸಂಪೂರ್ಣವಾಗಿ ಸ್ವಾನುಭವಿಗಳೇ ಇರುವ, ವೃತ್ತಿಪರರನ್ನು ಹೊರಗಿಡುವ ಸ್ವಸಹಾಯ ಗುಂಪಿಗೂ ವೃತ್ತಿಪರರೇ ನಡೆಸುವ ಪುನರ್ವಸತಿ ಕೇಂದ್ರಕ್ಕೂ ನಡುವಿನ ಸ್ಥಾನ ಇದರದು. ದಿನನಿತ್ಯದ ವಿಷಯಗಳನ್ನು ನಿರ್ಧರಿಸುವ ಜಾಗ ಸಭೆ.

ಸಭೆಗಳ ಬಗೆಗಳು

ಬೆಥೆಲ್ ಮನೆಯ ವಾರದಲ್ಲಿ ಹಲವು ಬಗೆಯ ಸಭೆಗಳು ನಡೆಯುತ್ತವೆ. ಮೂರು ಹೊತ್ತಿನ ಊಟಕ್ಕಿಂತ ಸಭೆ ಹೆಚ್ಚು ಎಂಬ ಅರ್ಥದ ಮಾತು ಇಲ್ಲಿನ ಘೋಷವಾಕ್ಯಗಳಲ್ಲಿ ಒಂದು.

ಬೆಳಗಿನ ಸಭೆ: ಕೆಲಸಕ್ಕೆ ಮುನ್ನ ಪ್ರತಿಯೊಬ್ಬರೂ ಹೆಸರು, ಅಂದಿನ ಮನಸ್ಥಿತಿ, ದೇಹಸ್ಥಿತಿ ಮತ್ತು ತಾವು ಎಷ್ಟು ಹೊತ್ತು ಕೆಲಸ ಮಾಡಬಲ್ಲೆವು ಎಂಬುದನ್ನು ಹೇಳುತ್ತಾರೆ. ಅರ್ಧ ಗಂಟೆ ಎಂದವರಿಗೆ ಅರ್ಧ ಗಂಟೆಯ ಕೆಲಸ. ಅವರು ಎದ್ದುಹೋದ ಜಾಗವನ್ನು ತುಂಬಲು ಇನ್ನೊಬ್ಬರು ಇರುವಂತೆ ಕೆಲಸ ಹಂಚಿಕೆಯಾಗುತ್ತದೆ.

ಅವಲೋಕನ ಸಭೆ: ಇದಕ್ಕೆ ಮೂರು ಭಾಗಗಳ ನಿಗದಿತ ಕ್ರಮವಿದೆ. ಮೊದಲು ಒಳ್ಳೆಯದಾದದ್ದು, ಆಮೇಲೆ ಕಷ್ಟವಾಗುತ್ತಿರುವುದು, ಕೊನೆಗೆ ಇನ್ನೂ ಚೆನ್ನಾಗಿ ಮಾಡಬಹುದಾದದ್ದು. ಯಾರ ತಪ್ಪು ಎಂಬ ಪ್ರಶ್ನೆ ಈ ಕ್ರಮದಲ್ಲಿ ಬರುವುದಿಲ್ಲ.

ಸಾಮಾಜಿಕ ಕೌಶಲ ತರಬೇತಿ: ಸಂಭಾಷಣೆಗಳನ್ನು ನಟಿಸಿ ಅಭ್ಯಾಸ ಮಾಡುವ ಈ ಪದ್ಧತಿಯನ್ನು ಅಮೆರಿಕದಲ್ಲಿ ರಾಬರ್ಟ್ ಲೈಬರ್ಮನ್ ಬೆಳೆಸಿದರು. ಜಪಾನಿನ ಆರೋಗ್ಯ ವಿಮೆ 1994ರಲ್ಲಿ ಇದಕ್ಕೆ ಮಾನ್ಯತೆ ನೀಡಿತು. ಬೆಥೆಲ್ ಮನೆಯಲ್ಲಿ ಇದನ್ನು ರಜೆ ಕೇಳುವುದು, ಹಣ ಸಾಲ ಕೇಳಿದವರಿಗೆ ಇಲ್ಲವೆನ್ನುವುದು, ಮನೆಗೆ ಫೋನ್ ಮಾಡುವುದು ಇಂಥ ನಿತ್ಯದ ಸಂದರ್ಭಗಳಿಗೆ ಬಳಸುತ್ತಾರೆ.

ಎಸ್‌ಎ ಸಭೆ: ಸ್ಕಿಜೋಫ್ರೀನಿಕ್ಸ್ ಅನಾನಿಮಸ್ ಎಂಬ ಸ್ವಸಹಾಯ ಕೂಟ 1985ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿತು. ಮದ್ಯವ್ಯಸನಿಗಳ ಎಎ ಕೂಟದ ಮಾದರಿಯಲ್ಲಿ ಚೇತರಿಕೆಯ ಹೆಜ್ಜೆಗಳನ್ನು ಅನುಸರಿಸುವ ಈ ಸಭೆ 2000ದಲ್ಲಿ ಉರಕಾವಾದಲ್ಲಿ ಆರಂಭವಾಯಿತು. ಇಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಾರೆ. ಸಲಹೆ, ಟೀಕೆ ಇರುವುದಿಲ್ಲ.

ಸಂಶೋಧನಾ ಸಭೆ: ಸ್ವಾನುಭವಿ ಸಂಶೋಧನೆಗೆ ಮೀಸಲಾದ ಸಭೆ ಇದು. ಇದರ ವಿವರ ಮುಂದಿದೆ.

ಸ್ವಾನುಭವಿ ಸಂಶೋಧನೆ

ಈ ವಿಧಾನ 2001ರಲ್ಲಿ ಆರಂಭವಾಯಿತು. ಸಿಟ್ಟು ಸ್ಫೋಟಿಸಿದಾಗ ವಸ್ತುಗಳನ್ನು ಒಡೆದು, ಆಮೇಲೆ ಪಶ್ಚಾತ್ತಾಪಪಡುತ್ತಿದ್ದ ಯುವ ಸದಸ್ಯನೊಬ್ಬನಿಗೆ ಮುಕಾಯಾಚಿ ಸ್ಫೋಟವನ್ನು ನಿಲ್ಲಿಸುವ ಬದಲು ಅದನ್ನು ಸಂಶೋಧಿಸೋಣ ಎಂದು ಸೂಚಿಸಿದರು. ಇದೇ ತೊಂದರೆಯಿದ್ದ ಇತರರೂ ಸೇರಿ ಸ್ಫೋಟಕ್ಕೆ ಮುಂಚಿನ ಕಿರಿಕಿರಿ, ಅದನ್ನು ಬಚ್ಚಿಡುವಿಕೆ, ಮನೆಯವರ ಮುಂದಿಡುವ ಬೇಡಿಕೆ, ಒಡೆಯುವಿಕೆ, ಪಶ್ಚಾತ್ತಾಪ, ಮತ್ತೆ ಕಿರಿಕಿರಿ ಎಂಬ ಚಕ್ರವನ್ನು ಗುರುತಿಸಿದರು. ಸ್ಫೋಟದ ಲಕ್ಷಣ ಕಂಡಾಗ ಒಬ್ಬರ ನೆರವಿಗೆ ಇನ್ನೊಬ್ಬರು ಹೋಗುವ 'ಸ್ಫೋಟ ರಕ್ಷಣಾ ದಳ' ಇದರ ಫಲವಾಗಿ ರೂಪುಗೊಂಡಿತು.

ಸಂಶೋಧನೆಯ ಹಂತಗಳು ಹೀಗಿವೆ:

1. ವ್ಯಕ್ತಿಯನ್ನೂ ಸಮಸ್ಯೆಯನ್ನೂ ಬೇರ್ಪಡಿಸುವುದು. 'ಸಿಡುಕುವ ಮನುಷ್ಯ' ಎಂಬುದು 'ಸಿಡುಕಿನಿಂದ ತೊಂದರೆಪಡುತ್ತಿರುವ ಮನುಷ್ಯ' ಎಂದಾಗುತ್ತದೆ.
2. ತನ್ನ ಕಾಯಿಲೆಗೆ ತಾನೇ ಹೆಸರಿಡುವುದು.
3. ತೊಂದರೆ ಯಾವಾಗ, ಹೇಗೆ ಮರುಕಳಿಸುತ್ತದೆ ಎಂಬ ವಿನ್ಯಾಸವನ್ನು ಚಿತ್ರ, ನಕ್ಷೆ ಅಥವಾ ಅಭಿನಯದ ಮೂಲಕ ತೋರಿಸುವುದು.
4. ತನ್ನನ್ನು ತಾನು ಕಾಪಾಡಿಕೊಳ್ಳುವ ಹೊಸ ದಾರಿಗಳನ್ನು ಯೋಚಿಸಿ ಪ್ರಯೋಗಿಸುವುದು.
5. ಫಲಿತಾಂಶವನ್ನು ಪರಿಶೀಲಿಸಿ ಎಲ್ಲರೊಂದಿಗೆ ಹಂಚಿಕೊಳ್ಳುವುದು.

ಸಂಶೋಧನೆ ಸ್ವಂತದ್ದು, ಆದರೆ ಒಬ್ಬರೇ ಮಾಡುವಂಥದ್ದಲ್ಲ ಎಂಬುದು ಇದರ ಮೂಲ ನಿಯಮ. ಸಭೆಯಲ್ಲಿ ಬಿಳಿ ಹಲಗೆಯ ಮುಂದೆ ಒಬ್ಬರು ತಮ್ಮ ವಿಷಯ ಮಂಡಿಸಿದಾಗ ಉಳಿದವರು ಸಹ ಸಂಶೋಧಕರಾಗಿ ಪ್ರಶ್ನೆ ಕೇಳುತ್ತಾರೆ, ತಮ್ಮ ಅನುಭವವನ್ನು ಸೇರಿಸುತ್ತಾರೆ. ಭ್ರಮೆ ನಿಜವೇ ಸುಳ್ಳೇ ಎಂಬ ವಾದಕ್ಕೆ ಇಳಿಯುವುದಿಲ್ಲ. ಆ ಭ್ರಮೆಯೊಂದಿಗೆ ಸುರಕ್ಷಿತವಾಗಿ ದಿನ ಕಳೆಯುವುದು ಹೇಗೆ ಎಂಬುದು ಚರ್ಚೆಯ ವಿಷಯ.

ಪರಿಭಾಷೆ

ಬೆಥೆಲ್ ಮನೆಯಲ್ಲಿ ಬಳಕೆಗೆ ಬಂದ ಕೆಲವು ಪದಗಳು ಜಪಾನಿನ ಮನೋವೈದ್ಯಕೀಯದಲ್ಲೂ ಪರಿಚಿತವಾಗಿವೆ.

ಗೆನ್‌ಚೋ-ಸಾನ್: ಕಿವಿಯಲ್ಲಿ ಕೇಳುವ ಭ್ರಮೆಯ ದನಿಗೆ ಗೌರವಸೂಚಕ ಸೇರಿಸಿದ ಹೆಸರು. ದನಿಯನ್ನು ಓಡಿಸುವ ಬದಲು ಅದರೊಂದಿಗೆ ಸಭ್ಯವಾಗಿ ವ್ಯವಹರಿಸುವ ಕ್ರಮವನ್ನು ಇದು ಸೂಚಿಸುತ್ತದೆ.

ಅತಿಥಿ: ಕರೆಯದೆ ಮನಸ್ಸಿಗೆ ನುಗ್ಗುವ ನಕಾರಾತ್ಮಕ ಆಲೋಚನೆ.

ಸ್ವಯಂ ರೋಗನಾಮ: ವೈದ್ಯರ ರೋಗನಿರ್ಣಯದ ಜೊತೆಗೆ ಸದಸ್ಯರು ತಾವೇ ಇಟ್ಟುಕೊಳ್ಳುವ ಹೆಸರು. ವಾರಾಂತ್ಯದಲ್ಲಿ ಕೈ ಬರಿದಾಗುವ ಬಗೆಯ ಸ್ಕಿಜೋಫ್ರೀನಿಯಾ ಎಂಬುದು ಇಂಥ ಹೆಸರುಗಳ ಒಂದು ಮಾದರಿ.

ದೌರ್ಬಲ್ಯದ ಬಹಿರಂಗ: ತನ್ನಿಂದ ಆಗದ್ದನ್ನು ಮೊದಲೇ ಎಲ್ಲರಿಗೂ ತಿಳಿಸುವುದು. ಕೆಲಸದ ಹಂಚಿಕೆ ನಡೆಯುವುದು ಈ ಮಾಹಿತಿಯ ಮೇಲೆ.

ಕಷ್ಟವನ್ನು ಮರಳಿ ಪಡೆಯುವುದು: ಆಸ್ಪತ್ರೆ ಮತ್ತು ಕುಟುಂಬ ರೋಗಿಯ ಪರವಾಗಿ ಹೊತ್ತುಕೊಂಡ ಹಣಕಾಸು, ಸಂಬಂಧ, ಕೆಲಸಗಳ ತಾಪತ್ರಯವನ್ನು ರೋಗಿಯೇ ಮತ್ತೆ ವಹಿಸಿಕೊಳ್ಳುವುದು. ಬೆಥೆಲ್ ಮನೆಯ ಉಳಿದೆಲ್ಲ ಪದ್ಧತಿಗಳಿಗೂ ಇದು ಆಧಾರ.

ಸ್ವಾನುಭವಿ ಸಂಶೋಧನೆ ಆರಂಭವಾದ ಕಾಲದಲ್ಲೇ ಜಪಾನಿನ ಅಧಿಕೃತ ಪರಿಭಾಷೆಯೂ ಬದಲಾಯಿತು. ಮನಸ್ಸು ಸೀಳಿದ ರೋಗ ಎಂಬ ಅರ್ಥದ ಹಳೆಯ ಪದವನ್ನು 2002ರಲ್ಲಿ ಕೈಬಿಟ್ಟು ಸ್ಕಿಜೋಫ್ರೀನಿಯಾಕ್ಕೆ 'ತೋಗೊ ಶಿಚ್ಚೋಶೋ' (ಸಮನ್ವಯ ತಪ್ಪಿದ ಸ್ಥಿತಿ) ಎಂಬ ಹೆಸರನ್ನು ಅಂಗೀಕರಿಸಲಾಯಿತು.

ದುಡಿಮೆ ಮತ್ತು ಆದಾಯ

ಕೊನ್ಬು ಜಪಾನಿ ಅಡುಗೆಯ 'ದಾಶಿ' ಸಾರಿಗೆ ಮೂಲವಸ್ತು. ಹಿದಾಕಾ ಕೊನ್ಬು ದೇಶದಲ್ಲೆಲ್ಲ ಹೆಸರಾದ ತಳಿ. ಬೇಸಿಗೆಯಲ್ಲಿ ಮೀನುಗಾರರು ಕಡಲಿನಿಂದ ತೆಗೆದು ದಡದ ಕಲ್ಲುಹಾಸಿನ ಮೇಲೆ ಒಣಗಿಸಿದ ಉದ್ದನೆಯ ಪಟ್ಟಿಗಳನ್ನು ಬೆಥೆಲ್ ಮನೆಯ ಕಾರ್ಯಾಗಾರದಲ್ಲಿ ಕತ್ತರಿಸಿ, ತೂಗಿ, ಚೀಲಕ್ಕೆ ತುಂಬಿ, ಚೀಟಿ ಅಂಟಿಸುತ್ತಾರೆ. ಬಿಡಿಬಿಡಿ ಹಂತಗಳಾಗಿ ಒಡೆಯಬಹುದಾದ ಕೆಲಸವಾದ್ದರಿಂದ ಒಬ್ಬರು ನಡುವೆ ಎದ್ದುಹೋದರೂ ಕೆಲಸ ನಿಲ್ಲುವುದಿಲ್ಲ. ನಿಶ್ಚಿಂತೆಯಿಂದ ಕೆಲಸ ತಪ್ಪಿಸಿಕೊಳ್ಳಬಹುದಾದ ಕೆಲಸದ ಜಾಗವನ್ನು ಕಟ್ಟುವುದು ಇಲ್ಲಿ ಘೋಷಿತ ನೀತಿ. ಪುಸ್ತಕ, ವಿಡಿಯೊ, ಉಪನ್ಯಾಸ, ಸಂದರ್ಶಕರಿಂದ ಬರುವ ಆದಾಯವೂ ಸೇರಿ ಒಂದು ಹಂತದಲ್ಲಿ ವಾರ್ಷಿಕ ವಹಿವಾಟು 10 ಕೋಟಿ ಯೆನ್ ಮುಟ್ಟಿತೆಂದು ವರದಿಯಾಗಿದೆ. ಆದರೂ ಹೆಚ್ಚಿನ ಸದಸ್ಯರ ಜೀವನಾಧಾರ ಅಂಗವಿಕಲ ಪಿಂಚಣಿ ಮತ್ತು ಸರ್ಕಾರಿ ನೆರವು; ಕೂಲಿ ಅದಕ್ಕೆ ಪೂರಕ.

ಊರಿನೊಂದಿಗಿನ ಸಂಬಂಧ

ಆರಂಭದಲ್ಲಿ ಊರಿನವರಿಗೆ ಬೆಥೆಲ್ ಮನೆಯ ಬಗ್ಗೆ ಅಳುಕಿತ್ತು. 'ಪೂರ್ವಗ್ರಹ, ತಾರತಮ್ಯಗಳಿಗೆ ಹಾರ್ದಿಕ ಸ್ವಾಗತ' ಎಂಬ ಹೆಸರಿನ ಸಭೆಗೆ ಸದಸ್ಯರು ಊರಿನವರನ್ನು ಕರೆದು, ಅವರ ಭಯ, ದೂರುಗಳನ್ನು ನೇರವಾಗಿ ಹೇಳಲು ಅವಕಾಶ ಕೊಟ್ಟರು. ತಮ್ಮ ಕಾಯಿಲೆಯ ಅನುಭವವನ್ನು ಹೆಸರು ಮರೆಮಾಡದೆ ಅಲ್ಲಿ ಹೇಳಿಕೊಂಡರು.

ವರ್ಷಕ್ಕೊಮ್ಮೆ ನಡೆಯುವ 'ಬೆಥೆಲ್ ಉತ್ಸವ' ಊರಿನ ಪ್ರಮುಖ ಕಾರ್ಯಕ್ರಮಗಳಲ್ಲಿ ಒಂದಾಯಿತು. ಇದರ ಪ್ರಧಾನ ಆಕರ್ಷಣೆ 'ಭ್ರಾಂತಿ ಮತ್ತು ಭ್ರಮೆಗಳ ಮಹಾಸ್ಪರ್ಧೆ'. ಆ ವರ್ಷದ ವಿಶಿಷ್ಟ ಭ್ರಮೆಗೂ ಅದನ್ನು ಸಂಗಡಿಗರೊಂದಿಗೆ ನಿಭಾಯಿಸಿದ ರೀತಿಗೂ ವೇದಿಕೆಯ ಮೇಲೆ ಬಹುಮಾನ ಕೊಡುತ್ತಾರೆ. ದಾಖಲಾದ ಪ್ರಕರಣಗಳಲ್ಲಿ ಹೆಸರಾದದ್ದು ಹಾರುವ ತಟ್ಟೆ ಏರಲು ಹೊರಟ ಸದಸ್ಯನದು. ಸಂಗಡಿಗರು ಕೂಡಲೇ ಸಭೆ ಸೇರಿ, ಹಾರುವ ತಟ್ಟೆ ಏರಲು ಪರವಾನಗಿ ಬೇಕೆಂದೂ ಅದನ್ನು ಕೊಡುವವರು ಮನೋವೈದ್ಯ ಕಾವಾಮುರಾ ಎಂದೂ ಅವನಿಗೆ ತಿಳಿಸಿ, ಅವನನ್ನು ವೈದ್ಯರ ಬಳಿಗೆ ತಲುಪಿಸಿದರು.

ವಿಪತ್ತು ಸಿದ್ಧತೆ ಮತ್ತೊಂದು ಕ್ಷೇತ್ರ. 2003ರ ಸೆಪ್ಟೆಂಬರ್ 26ರ ತೊಕಾಚಿ ಭೂಕಂಪದಲ್ಲಿ ಉರಕಾವಾ ತೀವ್ರವಾಗಿ ನಡುಗಿತು. ಆ ಬಳಿಕ ಬೆಥೆಲ್ ಮನೆ ತಜ್ಞರೊಂದಿಗೆ ಸೇರಿ, ಓದಲು ಕಷ್ಟಪಡುವವರಿಗೆ ನೆರವಾಗುವ ಡೈಸಿ ತಂತ್ರಜ್ಞಾನದಲ್ಲಿ ಚಿತ್ರ, ದನಿಗಳ ಸುನಾಮಿ ಕೈಪಿಡಿಗಳನ್ನು ತಯಾರಿಸಿತು. 4 ನಿಮಿಷಗಳಲ್ಲಿ 10 ಮೀಟರ್ ಎತ್ತರ ತಲುಪುವ ಗುರಿಯಿಟ್ಟು ಅಣಕು ತಾಲೀಮುಗಳನ್ನು ನಡೆಸಿತು. 2011ರ ಮಾರ್ಚ್ 11ರಂದು ಸುನಾಮಿ ಎಚ್ಚರಿಕೆ ಬಂದಾಗ ಸದಸ್ಯರು ಈ ಅಭ್ಯಾಸದಂತೆ ಎತ್ತರದ ಜಾಗಕ್ಕೆ ತೆರಳಿದರು.

ವೈದ್ಯಕೀಯದೊಂದಿಗಿನ ಸಂಬಂಧ

ಬೆಥೆಲ್ ಮನೆ ಔಷಧ ವಿರೋಧಿ ಚಳವಳಿಯಲ್ಲ. ಸದಸ್ಯರು ಮನೋವೈದ್ಯರ ಚಿಕಿತ್ಸೆಯಲ್ಲಿರುತ್ತಾರೆ, ಅಗತ್ಯ ಬಿದ್ದಾಗ ಆಸ್ಪತ್ರೆ ಸೇರುತ್ತಾರೆ. ದೀರ್ಘಕಾಲ ಈ ಸಮುದಾಯದ ಒಡನಾಡಿಯಾಗಿರುವ ವೈದ್ಯ ಕಾವಾಮುರಾ ತೋಶಿಯಾಕಿ, ಔಷಧದ ಪ್ರಮಾಣವನ್ನು ರೋಗಿ ತನ್ನ ಅನುಭವವನ್ನು ಮಾತಿನಲ್ಲಿ ಹೇಳಲು ಸಾಧ್ಯವಾಗುವ ಮಟ್ಟದಲ್ಲಿ ಇಡಲು ಯತ್ನಿಸಿದರು. ಗುಣವಾಗುವ ಕೆಲಸದಲ್ಲಿ ವೈದ್ಯರ ಪಾಲು ಒಂದು ಭಾಗ ಮಾತ್ರ ಎಂಬುದು ಅವರ ನಿಲುವು. ಉರಕಾವಾ ರೆಡ್‌ಕ್ರಾಸ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಒಮ್ಮೆ 130ರಷ್ಟಿದ್ದ ಹಾಸಿಗೆಗಳು 2000ದ ದಶಕದ ಆರಂಭದಲ್ಲಿ 60ಕ್ಕೆ ಇಳಿದವು; 2014ರಲ್ಲಿ ಒಳರೋಗಿ ವಿಭಾಗವೇ ಮುಚ್ಚಿತು. ಅದೇ ವರ್ಷ ಕಾವಾಮುರಾ ಊರಿನಲ್ಲಿ ಹೊರರೋಗಿ ಚಿಕಿತ್ಸಾಲಯ ತೆರೆದರು. ದಾದಿಯರು ಮನೆಮನೆಗೆ ಭೇಟಿ ನೀಡುವ ವ್ಯವಸ್ಥೆ ಅಂದಿನಿಂದ ಹೆಚ್ಚಿನ ಮಹತ್ವ ಪಡೆಯಿತು.

ಪ್ರಭಾವ

ಬೆಥೆಲ್ ಮನೆಯನ್ನು ದೇಶಕ್ಕೆ ಪರಿಚಯಿಸಿದವರಲ್ಲಿ ಪತ್ರಕರ್ತ ಸೈತೋ ಮಿಚಿಯೋ ಮುಖ್ಯರು; ಅವರ 'ನಾಯಾಮು ಚಿಕಾರಾ' (ಚಿಂತಿಸುವ ಶಕ್ತಿ) 2002ರಲ್ಲಿ ಕೊದಾನ್ಷಾ ಕಥೇತರ ಸಾಹಿತ್ಯ ಪ್ರಶಸ್ತಿ ಪಡೆಯಿತು. ಸ್ವಾನುಭವಿ ಸಂಶೋಧನೆಯನ್ನು ಕುರಿತ ಬೆಥೆಲ್ ಮನೆಯ ಪುಸ್ತಕ 2005ರಲ್ಲಿ ವೈದ್ಯಕೀಯ ಪ್ರಕಾಶನ ಸಂಸ್ಥೆಯಿಂದ ಹೊರಬಂದಿತು. ಮಾನವಶಾಸ್ತ್ರಜ್ಞೆ ಕರೆನ್ ನಕಾಮುರಾ ಇಲ್ಲಿ ಕ್ಷೇತ್ರಕಾರ್ಯ ನಡೆಸಿ ಸಾಕ್ಷ್ಯಚಿತ್ರವನ್ನೂ, 2013ರಲ್ಲಿ ಇಂಗ್ಲಿಷ್ ಗ್ರಂಥವನ್ನೂ ಪ್ರಕಟಿಸಿದರು.

ಸ್ವಾನುಭವಿ ಸಂಶೋಧನೆಯ ವಿಧಾನ ಮನೋರೋಗದ ಆಚೆಗೂ ಹರಡಿತು. ಆಟಿಸಂ ಇರುವ ಅಯಾಯಾ ಸತ್ಸುಕಿ ಮತ್ತು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ವೈದ್ಯ ಕುಮಾಗಾಯಾ ಶಿನಿಚಿರೊ 2008ರಲ್ಲಿ ಬೆಳವಣಿಗೆಯ ವೈಕಲ್ಯಗಳ ಸ್ವಾನುಭವಿ ಸಂಶೋಧನೆಯ ಗ್ರಂಥವನ್ನು ಜಂಟಿಯಾಗಿ ಬರೆದರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ. ವ್ಯಸನಮುಕ್ತಿ ಗುಂಪುಗಳಲ್ಲೂ ದಕ್ಷಿಣ ಕೊರಿಯಾದಲ್ಲೂ ಈ ಕ್ರಮ ಬಳಕೆಯಲ್ಲಿದೆ. 1987ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರಿಯುಸ್ ರೊಮೆ ಮತ್ತು ಸಾಂಡ್ರಾ ಎಶರ್ ಅವರ ಪಾತ್ರದೊಂದಿಗೆ ಆರಂಭವಾದ, ದನಿ ಕೇಳುವವರ ಚಳವಳಿಗೂ ಇದಕ್ಕೂ ಹೋಲಿಕೆಯಿದೆ. ಭ್ರಮೆಯ ದನಿಗೆ ಅರ್ಥವಿದೆ, ಅದರ ಬಗ್ಗೆ ಮಾತನಾಡಬಹುದು ಎಂಬುದನ್ನು ಎರಡೂ ಒಪ್ಪುತ್ತವೆ. ಉರಕಾವಾದ ವಿಧಾನ ದನಿಯ ಮೂಲವನ್ನು ಹುಡುಕುವುದಕ್ಕಿಂತ ಅದರೊಂದಿಗಿನ ನಿತ್ಯದ ವ್ಯವಹಾರಕ್ಕೆ ಹೆಚ್ಚು ಒತ್ತು ಕೊಡುತ್ತದೆ.

ಮಿತಿಗಳು ಮತ್ತು ಟೀಕೆ

ಬೆಥೆಲ್ ಮನೆಯ ಬಗ್ಗೆ ಮುಖ್ಯವಾಗಿ ನಾಲ್ಕು ಪ್ರಶ್ನೆಗಳು ಚರ್ಚೆಯಲ್ಲಿವೆ. ಮೊದಲನೆಯದು ಮರುಸ್ಥಾಪನೆಯದು: ಸಹಕರಿಸಿದ ಆಸ್ಪತ್ರೆ, ಚರ್ಚು, ದೀರ್ಘಕಾಲ ಉಳಿದ ಕೆಲವೇ ವೃತ್ತಿಪರರು ಇಲ್ಲದ ಕಡೆ ಇದನ್ನು ಕಟ್ಟಬಹುದೇ ಎಂಬುದು. ಎರಡನೆಯದು ನಿರ್ಗಮನದ್ದು: ಆಸ್ಪತ್ರೆಯಿಂದ ಹೊರಬಂದವರು ಬೆಥೆಲ್ ಮನೆಯನ್ನು ದಾಟಿ ಸಾಮಾನ್ಯ ಸಮಾಜಕ್ಕೆ ಹೋಗುವುದು ವಿರಳವಾಗಿ, ಸಮುದಾಯವೇ ಕೊನೆಯ ನೆಲೆಯಾಗುವ ಸಾಧ್ಯತೆ. ಮೂರನೆಯದು ಪ್ರದರ್ಶನದ್ದು: ಭ್ರಮೆಗಳನ್ನು ವೇದಿಕೆಗೆ ತರುವುದು ಹಾಸ್ಯವೇ ಅಪಹಾಸ್ಯವೇ ಎಂಬುದು. ಸ್ಪರ್ಧೆಯ ವಿಷಯವನ್ನೂ ಮಂಡನೆಯನ್ನೂ ಸದಸ್ಯರೇ ನಿರ್ಧರಿಸುತ್ತಾರೆ ಎಂಬುದು ಇದಕ್ಕೆ ಬೆಥೆಲ್ ಮನೆಯ ಉತ್ತರ. ನಾಲ್ಕನೆಯದು ಪುರಾವೆಯದು: ಸ್ವಾನುಭವಿ ಸಂಶೋಧನೆಯ ಫಲವನ್ನು ಲಕ್ಷಣಗಳ ಇಳಿಕೆಯಿಂದ ಅಳೆಯಬೇಕೇ, ಸಂಬಂಧ ಮತ್ತು ಬದುಕಿನ ಗುಣಮಟ್ಟದಿಂದ ಅಳೆಯಬೇಕೇ ಎಂಬ ಬಗ್ಗೆ ಒಮ್ಮತವಿಲ್ಲ.

ಇಂದಿನ ಸ್ಥಿತಿ

ಬೆಥೆಲ್ ಮನೆ ಇಂದು ಅಂಗವಿಕಲರ ಸಮಗ್ರ ಬೆಂಬಲ ಕಾಯಿದೆಯಡಿ ಸಾಮೂಹಿಕ ವಸತಿ ಮತ್ತು ಉದ್ಯೋಗ ಬೆಂಬಲ ಸೇವೆಗಳನ್ನು ನಡೆಸುತ್ತಿದೆ. ಕೊನ್ಬು ಮಾರಾಟ ಮುಂದುವರಿದಿದೆ. ಹಿಂದೆ ವರ್ಷಕ್ಕೆ 2 ಸಾವಿರಕ್ಕೂ ಹೆಚ್ಚು ಸಂದರ್ಶಕರು, ಸಂಶೋಧಕರು ಬರುತ್ತಿದ್ದ ಊರು ಇದು. ಸ್ವಾನುಭವಿ ಸಂಶೋಧನೆಯ ಕೇಂದ್ರವೆಂಬ ಸ್ಥಾನ ಈಗಲೂ ಇದಕ್ಕಿದೆ. ಎದುರಿಗಿರುವ ಮುಖ್ಯ ಸಮಸ್ಯೆಗಳು ಸದಸ್ಯರ ವೃದ್ಧಾಪ್ಯ, ಸ್ಥಾಪಕ ಪೀಳಿಗೆಯ ನಿವೃತ್ತಿ, ಊರಿನ ಇಳಿಯುತ್ತಿರುವ ಜನಸಂಖ್ಯೆ ಮತ್ತು ಹತ್ತಿರದಲ್ಲಿ ಮನೋರೋಗದ ಒಳರೋಗಿ ವಿಭಾಗ ಇಲ್ಲದಿರುವುದು. ಜನ ಕಡಿಮೆಯಾಗುತ್ತಿರುವ ಪಟ್ಟಣದಲ್ಲಿ ಮನೆ ಬಾಡಿಗೆಗೆ ಪಡೆಯುವವರಾಗಿ, ಅಂಗಡಿ ನಡೆಸುವವರಾಗಿ, ಗ್ರಾಹಕರಾಗಿ, ಉದ್ಯೋಗದಾತರಾಗಿ ಬೆಥೆಲ್ ಮನೆಯ ಸದಸ್ಯರು ಮತ್ತು ಸಿಬ್ಬಂದಿ ಸ್ಥಳೀಯ ಆರ್ಥಿಕತೆಯ ಭಾಗವಾಗಿದ್ದಾರೆ.